ಠಾಣೆಗೆ ಗಣಕ ಬಂದಿತು, ಅಳತೆ ಸರಿಹೋಯಿತೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಗೆ ಒಂದೇ ಬೆಲೆ ಎಂಬುದಿಲ್ಲ. ಎಳನೀರಾಗಿ ಇಳಿಸಿದರೆ ಒಂದು ಬೆಲೆ, ಬಲಿತ ಕಾಯಿಯಾಗಿ ಮಾರಿದರೆ ಇನ್ನೊಂದು. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದು, ಉಂಡೆ ಕೊಬ್ಬರಿಯಾದ ಮೇಲೆ ತಿಪಟೂರು ಮಾರುಕಟ್ಟೆಗೆ ಒಯ್ದರೆ ಮತ್ತೊಂದು. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಆದರೆ ಕಾಯಿ ಕಳವಾಗಿ ಪೊಲೀಸ್ ಠಾಣೆಗೆ ಹೋದರೆ, ಅಲ್ಲಿನ ಗಣಕದ ಪರದೆಯಲ್ಲಿ ಮಾಲಿನ ಬೆಲೆ ತುಂಬಲು ಒಂದೇ ಒಂದು ಚೌಕವಿದೆ.

ಈ ಚೌಕದ ಮಹತ್ವ ನನಗೆ ತಿಳಿದದ್ದು 2024ರ ಜುಲೈ ಕಳೆದ ಮೇಲೆ. ನಮ್ಮ ತೋಟದ ಪಕ್ಕದ ಹಿರಿಯ ರೈತರೊಬ್ಬರು ಬೆಳಿಗ್ಗೆಯೇ ಬಂದು, "ಮೇಷ್ಟ್ರೇ, ಕೆಡವಿ ಗುಡ್ಡೆ ಹಾಕಿದ್ದ ಕಾಯಿ ರಾತ್ರಿ ಹೊತ್ಕೊಂಡ್ ಹೋಗವ್ರೆ. ಒಂದು ಅರ್ಜಿ ಬರ್ಕೊಡಿ" ಎಂದರು. ಬರೆದುಕೊಟ್ಟು ಜೊತೆಗೇ ಹೋದೆ. ಗಣಕದ ಮುಂದಿದ್ದ ಸಿಬ್ಬಂದಿ ಸೌಜನ್ಯದಿಂದಲೇ ಕೇಳಿದರು: "ಎಷ್ಟು ಕಾಯಿ ಯಜಮಾನ್ರೇ? ಬೆಲೆ ಎಷ್ಟು ಅಂತ ಹಾಕ್ಲಿ?" ಕಾಯಿ ಸುಮಾರು ಇನ್ನೂರು. ಒಂದಕ್ಕೆ 24 ರೂಪಾಯಿ ಎಂದರೆ 4,800. ಇಪ್ಪತ್ತಾರು ಎಂದರೆ 5,200. "ಐದು ಸಾವಿರದ ಒಳಗಾದ್ರೆ ಎಫ್‌ಐಆರ್ ಬರಲ್ಲ ಸಾರ್" ಎಂದು ಅವರು ನನ್ನ ಕಡೆ ನೋಡಿದರು. ನಾನು ರೈತರ ಕಡೆ ನೋಡಿದೆ. "ಇದ್ದದ್ದು ಇದ್ದಂಗೆ ಹಾಕಿ ಸ್ವಾಮಿ, ಮೊನ್ನೆ ಇಪ್ಪತ್ನಾಲ್ಕಕ್ಕೇ ಕೊಟ್ಟಿದ್ದು" ಎಂದರು ಅವರು. ಸ್ವೀಕೃತಿ ಚೀಟಿ ಸಿಕ್ಕಿತು. ಎಫ್‌ಐಆರ್ ಆಗಲಿಲ್ಲ.

ಇದರಲ್ಲಿ ಆ ಸಿಬ್ಬಂದಿಯ ತಪ್ಪೇನೂ ಇಲ್ಲ. ಅವರು ನಿಯಮವನ್ನೇ ಹೇಳಿದರು. ನಾನು ಇಲ್ಲಿ ವಿಮರ್ಶಿಸಲು ಹೊರಟಿರುವುದು ಆ ಗಣಕದ ಹಿಂದಿರುವ ಯೋಜನೆಯನ್ನು. ಪೊಲೀಸ್ ಇಲಾಖೆಗೆ ಮಾಹಿತಿ ತಂತ್ರಜ್ಞಾನವನ್ನು ಅಳವಡಿಸಿದವರು ಜಾಲದ ಬಗ್ಗೆ ಯೋಚಿಸಿದಷ್ಟು, ಜಾಲದ ತುದಿಯಲ್ಲಿ ನಡೆಯುವ ಮೊದಲ ಅಳತೆಯ ಬಗ್ಗೆ ಯೋಚಿಸಿದರೇ ಎಂಬುದು ಪ್ರಶ್ನೆ.

ಮಿತಿಯ ಕೆಳಗೆ ಬಿದ್ದ ಕಳವು

ಮೊದಲು ನಿಯಮವನ್ನು ನೋಡೋಣ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದವು. ಹಳೆಯ ಕಾನೂನಿನಲ್ಲಿ ಬೆಲೆ ಎಷ್ಟೇ ಇರಲಿ, ಕಳವು ಸಂಜ್ಞೇಯ ಅಪರಾಧವಾಗಿತ್ತು. ಎಂದರೆ ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿ ತನಿಖೆ ಮಾಡಬೇಕಿತ್ತು. ಹೊಸ ಕಾನೂನಿನ ಅನುಸೂಚಿಯಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲಿನ ಸಾಧಾರಣ ಕಳವು ಅಸಂಜ್ಞೇಯ. ಠಾಣೆಯವರು ಮಾಹಿತಿಯನ್ನು ಪುಸ್ತಕದಲ್ಲಿ ಬರೆದುಕೊಂಡು ದೂರುದಾರರನ್ನು ಮ್ಯಾಜಿಸ್ಟ್ರೇಟರ ಕಡೆಗೆ ಕಳುಹಿಸುತ್ತಾರೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಇಲ್ಲ. ಅದೇ ಕಾಯಿ ಮನೆಯ ಅಟ್ಟದಲ್ಲಿ ಕೊಬ್ಬರಿಯಾಗುತ್ತಿರುವಾಗ ಕಳವಾದರೆ ಅದು ವಾಸದ ಮನೆಯ ಕಳವು, ಕಲಂ 305. ಆಗ ಬೆಲೆಯ ಮಿತಿ ಅಡ್ಡ ಬರುವುದಿಲ್ಲ. ತೋಟದ ಗುಡ್ಡೆಗೂ ಮನೆಯ ಅಟ್ಟಕ್ಕೂ ನಡುವೆ ಕಾನೂನು ಇಷ್ಟು ದೊಡ್ಡ ಗೆರೆ ಎಳೆದಿದೆ.

ಸಣ್ಣ ಕಳವಿಗೆ ಸೆರೆಮನೆಯ ಬದಲು ಸಮುದಾಯ ಸೇವೆ ಎಂಬ ಆಶಯವೇನೋ ಒಳ್ಳೆಯದು. ನಮ್ಮ ಪ್ರಶ್ನೆ ಅಳತೆಗೆ ಸಂಬಂಧಿಸಿದ್ದು. ವಿಕಿರಣದ ಕಣಗಳನ್ನು ಎಣಿಸುವ ಉಪಕರಣವನ್ನು ನೆನೆಯಿರಿ. ಗೊತ್ತುಪಡಿಸಿದ ಮಿತಿಗಿಂತ ಸಣ್ಣ ವಿದ್ಯುತ್ ಮಿಡಿತಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿತಿಯನ್ನು ಏರಿಸಿದ ಮರುಕ್ಷಣವೇ ಎಣಿಕೆ ಇಳಿಯುತ್ತದೆ. ಅದನ್ನು ಕಂಡು ವಿಕಿರಣವೇ ಇಳಿಯಿತೆಂದು ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. 2024ರ ಜುಲೈಗೆ ಹಿಂದಿನ ಮತ್ತು ಮುಂದಿನ ಕಳವಿನ ಅಂಕಿಗಳನ್ನು ಒಂದೇ ರೇಖಾಚಿತ್ರದಲ್ಲಿ ಜೋಡಿಸುವವರಿಗೂ ಇದೇ ನ್ಯಾಯ.

ಇನ್ನು ಆ 5,000ದ ಗೆರೆಯ ಹತ್ತಿರ ಅಳತೆಯ ದೋಷ ಎಷ್ಟು? ಕತ್ತಲಲ್ಲಿ ಹೋದ ಕಾಯಿಯನ್ನು ಯಾರೂ ಎಣಿಸಿಲ್ಲ. ಅದನ್ನು 200, ಹೆಚ್ಚು ಕಡಿಮೆ 10 ಎನ್ನೋಣ. ಬೆಲೆ 25 ರೂಪಾಯಿ, ಹೆಚ್ಚು ಕಡಿಮೆ 2. ಮೊದಲನೆಯದರ ಸಾಪೇಕ್ಷ ದೋಷ ಶೇಕಡಾ 5, ಎರಡನೆಯದು ಶೇಕಡಾ 8. ಗುಣಾಕಾರದಲ್ಲಿ ಗರಿಷ್ಠ ದೋಷ ಇವೆರಡರ ಮೊತ್ತ, ಶೇಕಡಾ 13. ಹಾಗಾಗಿ ಮಾಲಿನ ಬೆಲೆ 5,000, ಹೆಚ್ಚು ಕಡಿಮೆ 650. ಅಂದರೆ 4,350ರಿಂದ 5,650ರವರೆಗೆ ಯಾವ ಸಂಖ್ಯೆಯನ್ನು ಬರೆದರೂ ಅದು ಸುಳ್ಳಲ್ಲ. ಆದರೆ ಗಣಕಕ್ಕೆ 'ಹೆಚ್ಚು ಕಡಿಮೆ' ಬೇಡ, ಒಂದು ಸಂಖ್ಯೆ ಬೇಕು. ಆ ಸಂಖ್ಯೆ ಗೆರೆಯ ಈಚೆ ಬಿದ್ದರೆ ತನಿಖೆ, ಆಚೆ ಬಿದ್ದರೆ ಬರೀ ಚೀಟಿ. ಪ್ರಾಮಾಣಿಕರಾಗಿ ಕಡಿಮೆ ಬೆಲೆ ಹೇಳಿದ ನಮ್ಮ ರೈತರು ತನಿಖೆಯನ್ನು ಕಳೆದುಕೊಂಡರು.

ಯೋಜನೆ ಬೆಳೆದು ಬಂದ ಬಗೆ

ಪೊಲೀಸ್ ಇಲಾಖೆಗೆ ಗಣಕ ಹೊಸದೇನೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರ (ಎನ್‌ಸಿಆರ್‌ಬಿ) 1986ರಲ್ಲಿ ಸ್ಥಾಪನೆಯಾಯಿತು. ತೊಂಬತ್ತರ ದಶಕದಲ್ಲಿ ಜಿಲ್ಲಾ ಮತ್ತು ರಾಜ್ಯ ಮಟ್ಟದಲ್ಲಿ ಅಪರಾಧಗಳ ಮಾಹಿತಿಯನ್ನು ಗಣಕಕ್ಕೆ ಏರಿಸುವ ಕೆಲಸ ನಡೆಯಿತು. 2004ರಲ್ಲಿ ಬಂದ 'ಸಿಪಾ' ಎಂಬ ತಂತ್ರಾಂಶ ಠಾಣೆಯೊಳಕ್ಕೇ ಕಾಲಿಟ್ಟಿತು. ಆದರೆ ಅಲ್ಲಿ ಒಂದೊಂದು ಠಾಣೆಯೂ ಒಂದೊಂದು ದ್ವೀಪ. 2008ರ ನವೆಂಬರ್‌ನ ಮುಂಬಯಿ ದಾಳಿಯ ನಂತರ ಈ ದ್ವೀಪಗಳನ್ನು ಜೋಡಿಸುವ ಒತ್ತಾಯ ಹೆಚ್ಚಿತು. 2009ರಲ್ಲಿ ಕೇಂದ್ರ ಸರ್ಕಾರ 2,000 ಕೋಟಿ ರೂಪಾಯಿಯ 'ಸಿಸಿಟಿಎನ್‌ಎಸ್' ಯೋಜನೆಗೆ, ಅಂದರೆ ಅಪರಾಧ ಮತ್ತು ಅಪರಾಧಿಗಳ ಜಾಡು ಹಿಡಿಯುವ ಜಾಲಕ್ಕೆ, ಒಪ್ಪಿಗೆ ನೀಡಿತು.

ಕರ್ನಾಟಕದ ದಾರಿ ಸ್ವಲ್ಪ ಬೇರೆ. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ದಾಖಲೆಗಳ ವಿಷಯದಲ್ಲೂ ರಾಜ್ಯವು ಕೇಂದ್ರದ ಸಿದ್ಧ ತಂತ್ರಾಂಶವನ್ನು ಹಾಗೆಯೇ ತೆಗೆದುಕೊಳ್ಳಲಿಲ್ಲ. 'ಪೊಲೀಸ್ ಐಟಿ' ಎಂಬ ತನ್ನದೇ ವ್ಯವಸ್ಥೆಯನ್ನು ಉಳಿಸಿಕೊಂಡು, ಅದರಿಂದ ರಾಷ್ಟ್ರೀಯ ಜಾಲಕ್ಕೆ ಮಾಹಿತಿ ಕಳುಹಿಸುವ ಮಾರ್ಗ ಹಿಡಿಯಿತು. ಅಪರಾಧ ವಿಭಾಗದ ಜೊತೆಗೆ ಆಡಳಿತ, ಸಂಚಾರ, ಉಗ್ರಾಣ ಮುಂತಾದವುಗಳಿಗೂ ಅದರಲ್ಲಿ ಸ್ಥಾನವಿದೆ. ತನಿಖೆಯ ಹಾದಿಯನ್ನು ಏಳು ನಮೂನೆಗಳಲ್ಲಿ ಹಿಡಿದಿಡುವುದು ರಾಷ್ಟ್ರೀಯ ಕ್ರಮ: ಎಫ್‌ಐಆರ್, ಕೃತ್ಯದ ವಿವರ, ದಸ್ತಗಿರಿ, ಮಾಲು ಜಪ್ತಿ, ಅಂತಿಮ ವರದಿ, ನ್ಯಾಯಾಲಯದ ತೀರ್ಪು, ಮೇಲ್ಮನವಿ.

ಚೌಕಟ್ಟು ಚೆನ್ನಾಗಿಯೇ ಇದೆ. ಇಂಥ ಯೋಜನೆಗಳ ಪ್ರಗತಿಯನ್ನು ಮಾತ್ರ ಎಷ್ಟು ಠಾಣೆಗಳಿಗೆ ಸಂಪರ್ಕ ಸಿಕ್ಕಿತು, ಎಷ್ಟು ಎಫ್‌ಐಆರ್ ಗಣಕಕ್ಕೆ ಏರಿತು ಎಂಬ ಲೆಕ್ಕದಿಂದಲೇ ಅಳೆಯುತ್ತ ಬಂದರು. ಸಂಪರ್ಕದ ಸಂಖ್ಯೆಯನ್ನು ಎಣಿಸುವುದು ಸುಲಭ. ನಮೂದು ಎಷ್ಟು ಸರಿ ಎಂದು ಎಣಿಸಬೇಕಾದರೆ ಯಾರಾದರೂ ಮತ್ತೆ ದೂರುದಾರರ ಮನೆ ಬಾಗಿಲಿಗೆ ಹೋಗಬೇಕು. ಪ್ರಯೋಗಾಲಯಕ್ಕೆ ಎಷ್ಟು ಕ್ಯಾಲಿಪರ್ಸ್ ಬಂದವೆಂದು ಹೇಳಿ, ಅವುಗಳ ಶೂನ್ಯ ದೋಷವನ್ನು ಹೇಳದೆ ಬಿಟ್ಟ ವರದಿಯಂತೆ ಇದು.

ಫಲ ಕೊಟ್ಟದ್ದು ಎಲ್ಲಿ?

ಈ ವ್ಯವಸ್ಥೆಯಿಂದ ಪ್ರಯೋಜನವೇ ಆಗಿಲ್ಲ ಎಂದರೆ ಅನ್ಯಾಯವಾದೀತು. ನಮ್ಮ ಮೂರು ತಾಲ್ಲೂಕುಗಳ ನಕಾಶೆಯನ್ನೇ ನೋಡಿ. ತಿಪಟೂರಿನ ಪಕ್ಕದ ಅರಸೀಕೆರೆ ಹಾಸನ ಜಿಲ್ಲೆಗೆ ಸೇರಿದ್ದು. ತುರುವೇಕೆರೆಯ ದಕ್ಷಿಣಕ್ಕಿರುವ ನಾಗಮಂಗಲ ಮಂಡ್ಯ ಜಿಲ್ಲೆಯದು. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರು ದಾಟಿದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ. ಕದ್ದ ಬೈಕು ಒಂದು ಗಂಟೆಯಲ್ಲಿ ಜಿಲ್ಲೆ ಬದಲಿಸುತ್ತದೆ. ಕಾಗದದ ಕಾಲದಲ್ಲಿ ಅದರ ಮಾಹಿತಿ ಅಷ್ಟೇ ಬೇಗ ಜಿಲ್ಲೆ ಬದಲಿಸುತ್ತಿರಲಿಲ್ಲ. ಇದನ್ನು ಜಾಲ ಸರಿಪಡಿಸಿದೆ. ಹಾಗೆಯೇ ಸರ್ವೋಚ್ಚ ನ್ಯಾಯಾಲಯ 2016ರ ಸೆಪ್ಟೆಂಬರ್‌ನಲ್ಲಿ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು ಆದೇಶಿಸಿತು. ಪ್ರತಿಗಾಗಿ ಅಲೆಯುವುದು ಇದರಿಂದ ಕಡಿಮೆಯಾಯಿತು.

ಕಳೆದುಹೋದ ಮೊಬೈಲ್ ಫೋನಿನ ವಿಷಯ ಇನ್ನೂ ಸ್ಪಷ್ಟ. 2023ರ ಮೇ ತಿಂಗಳಲ್ಲಿ 'ಸಂಚಾರ ಸಾಥಿ' ಜಾಲತಾಣದ ಮೂಲಕ ದೇಶಕ್ಕೆಲ್ಲ ದೊರೆತ 'ಸಿಇಐಆರ್' ವ್ಯವಸ್ಥೆಯಲ್ಲಿ ಫೋನಿನ ಐಎಂಇಐ ಸಂಖ್ಯೆ ಕೊಟ್ಟು ಅದನ್ನು ಸ್ಥಗಿತಗೊಳಿಸಬಹುದು, ಜಾಡೂ ಹಿಡಿಯಬಹುದು. ಇದು ಏಕೆ ಕೆಲಸ ಮಾಡುತ್ತದೆ? ಐಎಂಇಐ 15 ಅಂಕಿಗಳ ಸಂಖ್ಯೆ. ಒಂದು ಸಂಖ್ಯೆ ಒಂದೇ ಉಪಕರಣಕ್ಕೆ ಎಂಬುದು ನಿಯಮ. ಅದರ ಕೊನೆಯ ಅಂಕಿ ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿ ಪಡೆದ ತಾಳೆ ಅಂಕಿ. ಬರೆಯುವಾಗ ಒಂದು ಅಂಕಿ ತಪ್ಪಿದರೆ ಲೆಕ್ಕ ತಾಳೆಯಾಗದೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಮೊದಲ ಅಳತೆಯಲ್ಲಿಯೇ ತಪ್ಪನ್ನು ಹಿಡಿಯುವ ಏರ್ಪಾಡಿದೆ. ತೆಂಗಿನಕಾಯಿಗೆ ಇಂಥ ಸಂಖ್ಯೆ ಇಲ್ಲ. ಮನುಷ್ಯನ ಹೆಸರಿಗೂ ಇಲ್ಲ.

ಹೆಸರಿನ ತೊಡಕು

ಎಡೆಯೂರು ಸಿದ್ಧಲಿಂಗೇಶ್ವರನ ಹೆಸರಿಟ್ಟುಕೊಂಡವರು ಈ ಸೀಮೆಯಲ್ಲಿ ಊರಿಗೆ ಹತ್ತು ಮಂದಿ. ಸಿದ್ಧಲಿಂಗಯ್ಯ, ಸಿದ್ಧಲಿಂಗಪ್ಪ, ಸಿದ್ಧಲಿಂಗಮೂರ್ತಿ. ಇದೇ ಹೆಸರನ್ನು ಒಬ್ಬರು 'ದ್ದ' ಎಂದು, ಮತ್ತೊಬ್ಬರು 'ದ್ಧ' ಎಂದು ಬರೆಯುತ್ತಾರೆ. ನಮಗೆ ಎರಡೂ ಒಂದೇ. ಗಣಕಕ್ಕೆ ಅವು ಬೇರೆ ಬೇರೆ. ಹನುಮಂತಯ್ಯ ಆಡುಮಾತಿನಲ್ಲಿ ಅನ್ಮಂತಯ್ಯನಾಗುತ್ತಾನೆ, ಶಂಕರ ಸಂಕರನಾಗುತ್ತಾನೆ. ಇಂಗ್ಲಿಷಿಗೆ ಹೋದರೆ ತೊಡಕು ಇನ್ನೂ ಹೆಚ್ಚು. ಚಿಕ್ಕನಾಯಕನಹಳ್ಳಿ ಎಂಬ ಊರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆಂದು ಬಸ್ಸಿನ ಫಲಕಗಳನ್ನು ನೋಡಿದರೆ ತಿಳಿಯುತ್ತದೆ.

ಇದಕ್ಕೆ ಲಿಪಿಸಂಕೇತದ ಸಮಸ್ಯೆಯೂ ಸೇರಿತು. ಹಿಂದೆ ನಾವೆಲ್ಲ ಬಳಸುತ್ತಿದ್ದ ನುಡಿಯಂಥ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಅಕ್ಷರಕ್ಕೆ ಸಂಕೇತವಿರಲಿಲ್ಲ. ಅಕ್ಷರದ ತುಣುಕುಗಳ ಆಕಾರಕ್ಕೆ ಸಂಕೇತವಿತ್ತು. ಯೂನಿಕೋಡ್‌ನಲ್ಲಿ ಸಂಕೇತ ಅಕ್ಷರಕ್ಕೇ ಇದೆ. ಒಂದರಲ್ಲಿ ಬರೆದ ಹೆಸರನ್ನು ಇನ್ನೊಂದರಲ್ಲಿ ಹುಡುಕಿದರೆ, ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಂಡರೂ ಗಣಕ 'ಇಲ್ಲ' ಎನ್ನುತ್ತದೆ.

ಸಿಗಬೇಕಾದವನು ಸಿಗದಿರುವುದು ಒಂದು ಬಗೆಯ ದೋಷ. ಬೇರೆಯವನು ಸಿಗುವುದು ಇನ್ನೊಂದು ಬಗೆ, ಮತ್ತು ಹೆಚ್ಚು ಅಪಾಯಕಾರಿ. ಒಂದು ಸರಳ ಲೆಕ್ಕ ಮಾಡೋಣ. ದತ್ತಸಂಚಯದಲ್ಲಿ 5 ಲಕ್ಷ ಜನರಿದ್ದಾರೆ ಎಂದುಕೊಳ್ಳಿ. ಹೋಲಿಕೆ ಹುಡುಕುವ ವಿಧಾನ 10,000ಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ ಎಂದುಕೊಳ್ಳಿ. ಕೇಳಲು ಇದು ಬಹಳ ನಿಖರ. ಆದರೆ ಒಂದು ಹುಡುಕಾಟಕ್ಕೆ 50 ಅಮಾಯಕರು ಪಟ್ಟಿಯಲ್ಲಿ ಬರುತ್ತಾರೆ. ನಿಜವಾದವನು ಇದ್ದರೆ ಅವನು ಐವತ್ತೊಂದನೆಯವನು. ಪಟ್ಟಿಯಲ್ಲಿರುವ ಒಬ್ಬನು ಸರಿಯಾದವನಾಗಿರುವ ಸಂಭವ ಶೇಕಡಾ 2ರಷ್ಟು. ಹೆಸರಿನ ಹುಡುಕಾಟಕ್ಕಾಗಲಿ ಮುಖಚಹರೆಯ ಹುಡುಕಾಟಕ್ಕಾಗಲಿ ಈ ಗಣಿತ ಒಂದೇ. ಪರದೆಯ ಮೇಲೆ ಬಂದ ಹೆಸರನ್ನು ಉತ್ತರವೆಂದು ಭಾವಿಸಿದರೆ, ತನ್ನ ತಪ್ಪೇನೂ ಇಲ್ಲದ ಸಿದ್ಧಲಿಂಗಯ್ಯ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗುತ್ತದೆ.

ದೃಢೀಕರಣ ಮತ್ತು ಸತ್ಯ

ಹೊಸ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರ ಹ್ಯಾಶ್ ಮೌಲ್ಯವನ್ನು ಪ್ರಮಾಣಪತ್ರದಲ್ಲಿ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಎನ್ನಬಹುದು. ಎಸ್‌ಎಚ್‌ಎ-256 ಎಂಬ ವಿಧಾನ ಎಷ್ಟೇ ದೊಡ್ಡ ಕಡತವನ್ನೂ 64 ಚಿಹ್ನೆಗಳ ಒಂದು ಸಾಲಿಗೆ ಇಳಿಸುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಸಾಕ್ಷ್ಯವನ್ನು ನಂತರ ತಿದ್ದಿಲ್ಲ ಎಂದು ತೋರಿಸಲು ಇದು ಉತ್ತಮ ಉಪಾಯ.

ಆದರೆ ಹ್ಯಾಶ್ ಹೇಳುವುದು ದಾಖಲೆ ಬದಲಾಗಿಲ್ಲ ಎಂದಷ್ಟೇ. ದಾಖಲಿಸಿದ್ದು ನಿಜವೇ ಎಂದು ಅದು ಹೇಳಲಾರದು. 4,800 ಎಂದು ಬರೆದದ್ದು 4,800 ಆಗಿಯೇ ಉಳಿದಿದೆ ಎಂದು ಅದು ಸಾರುತ್ತದೆ. ಮೊದಲೇ 5,200 ಆಗಿತ್ತೇ ಎಂಬುದು ಅದರ ವ್ಯಾಪ್ತಿಗೆ ಹೊರತು. ವಿದ್ಯಾರ್ಥಿಗಳಿಗೆ ನಾವು ಹೇಳುವ ನಿಷ್ಕೃಷ್ಟತೆ ಮತ್ತು ನೈಜತೆಯ ವ್ಯತ್ಯಾಸ ಇದೇ: ಹತ್ತು ಬಾಣಗಳೂ ಒಂದೇ ಕಡೆ ನೆಟ್ಟಿವೆ ಎಂದ ಮಾತ್ರಕ್ಕೆ ಗುರಿಗೆ ತಾಗಿವೆ ಎಂದಾಗದು.

ಬ್ರಿಟನ್ನಿನ ಎರಡು ಪಾಠಗಳು

ಬೇರೆಯವರ ಅನುಭವದಿಂದ ಕಲಿಯುವುದಿದ್ದರೆ ಬ್ರಿಟನ್ನಿನಲ್ಲಿ ಎರಡು ಉದಾಹರಣೆಗಳಿವೆ. 1975ರಿಂದ 1980ರವರೆಗೆ ಉತ್ತರ ಇಂಗ್ಲೆಂಡಿನಲ್ಲಿ 13 ಮಹಿಳೆಯರನ್ನು ಕೊಂದ ಪೀಟರ್ ಸಟ್‌ಕ್ಲಿಫ್‌ನನ್ನು ಪೊಲೀಸರು ಬಂಧನಕ್ಕೆ ಮುನ್ನ ಒಂಬತ್ತು ಸಲ ವಿಚಾರಿಸಿದ್ದರು. ವಿವರಗಳೆಲ್ಲ ಕಾರ್ಡುಗಳಲ್ಲಿ ಇದ್ದವು. ಒಂದು ಕಾರ್ಡಿಗೂ ಇನ್ನೊಂದಕ್ಕೂ ಕೊಂಡಿ ಇರಲಿಲ್ಲ. ಈ ವೈಫಲ್ಯವನ್ನು 1981ರ ಬೈಫೋರ್ಡ್ ವರದಿ ಬಿಡಿಸಿ ನೋಡಿತು. ಅದರ ಫಲವಾಗಿ ಎಂಬತ್ತರ ದಶಕದ ನಡುವೆ 'ಹೋಮ್ಸ್' ಎಂಬ ಗಣಕ ವ್ಯವಸ್ಥೆ ಬಂದಿತು. ಅಲ್ಲಿ ಯಂತ್ರಕ್ಕಿಂತ ಮೊದಲು ಪ್ರಶ್ನೆ ಹುಟ್ಟಿತ್ತು: ತನಿಖಾಧಿಕಾರಿಗೆ ಯಾವುದು ಕಾಣದೆ ಹೋಯಿತು?

ಎರಡನೆಯದು 2014ರದು. ಅಷ್ಟು ಹೊತ್ತಿಗೆ ಅಲ್ಲಿನ ಠಾಣೆಗಳಲ್ಲಿ ಗಣಕಗಳಿಗೆ ಕೊರತೆ ಇರಲಿಲ್ಲ. ಆದರೂ ಆ ವರ್ಷದ ಜನವರಿಯಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರವು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸ್ ಅಪರಾಧ ಅಂಕಿಗಳಿಗೆ ಕೊಟ್ಟಿದ್ದ 'ರಾಷ್ಟ್ರೀಯ ಅಂಕಿಅಂಶ' ಎಂಬ ಮಾನ್ಯತೆಯನ್ನು ಹಿಂದಕ್ಕೆ ಪಡೆಯಿತು. ನವೆಂಬರ್‌ನಲ್ಲಿ ಪೊಲೀಸ್ ತಪಾಸಣಾ ಸಂಸ್ಥೆ ದೂರುಗಳ ಮಾದರಿಯನ್ನು ತೆಗೆದುಕೊಂಡು ಪರಿಶೀಲಿಸಿದಾಗ, ಜನ ಹೇಳಿಕೊಂಡ ಅಪರಾಧಗಳಲ್ಲಿ ಸುಮಾರು ಶೇಕಡಾ 19ರಷ್ಟು ದಾಖಲೆಯನ್ನೇ ಸೇರಿರಲಿಲ್ಲ ಎಂದು ಕಂಡುಬಂದಿತು. ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು. ಸೋರಿಕೆ ಇದ್ದದ್ದು ಜಾಲದಲ್ಲಲ್ಲ, ಮೊದಲ ನಮೂದಿನಲ್ಲಿ. ಆ ಸೋರಿಕೆಯನ್ನು ಅಳೆದು ಪ್ರಕಟಿಸುವ ಧೈರ್ಯವನ್ನು ಅವರು ತೋರಿದರು. ನಾವು ಕಲಿಯಬೇಕಾದದ್ದು ಇದನ್ನು.

ಏನು ಮಾಡಬಹುದು?

ಮೊದಲನೆಯದಾಗಿ, ಅಸಂಜ್ಞೇಯ ಕಳವುಗಳ ನಮೂದುಗಳೂ ಅದೇ ದತ್ತಸಂಚಯದಲ್ಲಿ ಸೇರಿ, ಅವುಗಳ ಒಟ್ಟು ಸಂಖ್ಯೆ ಪ್ರತಿವರ್ಷ ಪ್ರಕಟವಾಗಬೇಕು. ಒಂದು ತೋಟದ 4,800 ರೂಪಾಯಿ ಸಣ್ಣ ನಷ್ಟ. ಒಂದೇ ತಿಂಗಳಲ್ಲಿ ಒಂದೇ ಹೋಬಳಿಯ ಇಪ್ಪತ್ತು ತೋಟಗಳಲ್ಲಿ ಹೀಗಾದರೆ ಅದು ಒಂದು ತಂಡದ ಕೆಲಸವಿರಬಹುದು. ಬಿಡಿ ಚೀಟಿಗಳಲ್ಲಿ ಅದು ಕಾಣುವುದಿಲ್ಲ. ರಾತ್ರಿ ಗಸ್ತನ್ನು ಎಲ್ಲಿಗೆ ಹಾಕಬೇಕೆಂಬುದೂ ಇಂಥ ಎಣಿಕೆಯಿಂದಲೇ ತಿಳಿಯಬೇಕು.

ಎರಡನೆಯದಾಗಿ, ಬೆಲೆಯ ಚೌಕದ ಪಕ್ಕದಲ್ಲಿ ಎಣಿಕೆ, ದರ ಮತ್ತು ದರದ ಆಧಾರ ಎಂಬ ಮೂರು ಚೌಕಗಳು ಬೇಕು. ಮಾರುಕಟ್ಟೆಗಳ ದಿನದ ಧಾರಣೆಯನ್ನು ಕೃಷಿ ಮಾರಾಟ ಇಲಾಖೆ 'ಕೃಷಿ ಮಾರಾಟ ವಾಹಿನಿ' ಜಾಲತಾಣದಲ್ಲಿ ಪ್ರಕಟಿಸುತ್ತದೆ. ಒಂದು ಇಲಾಖೆಯ ಗಣಕ ಇನ್ನೊಂದರಿಂದ ಅಂದಿನ ದರವನ್ನು ತೆಗೆದುಕೊಳ್ಳುವುದು ಕಷ್ಟದ ಕೆಲಸವಲ್ಲ. ಆಗ ರೈತರ ಪ್ರಾಮಾಣಿಕತೆ ಅವರಿಗೇ ಮುಳುವಾಗುವುದಿಲ್ಲ, ಸಿಬ್ಬಂದಿಯ ಮರ್ಜಿಗೂ ಅವಕಾಶವಿರುವುದಿಲ್ಲ.

ಮೂರನೆಯದಾಗಿ, ಹೆಸರನ್ನು ಧ್ವನಿಯಿಂದ ಹುಡುಕುವ ಕನ್ನಡದ್ದೇ ಆದ ಸೂತ್ರ ಬೇಕು. ಅಮೆರಿಕದಲ್ಲಿ 1918ರಲ್ಲಿಯೇ ಪೇಟೆಂಟ್ ಪಡೆದ 'ಸೌಂಡೆಕ್ಸ್' ಎಂಬ ವಿಧಾನ ಇಂಗ್ಲಿಷ್ ಹೆಸರುಗಳಿಗೆ ಹೊಂದುವಂಥದು. ಹಾಗೆ ಸಿಕ್ಕ ಪಟ್ಟಿಯನ್ನು ಬೆರಳಚ್ಚಿನಂಥ ಎರಡನೆಯ ಸ್ವತಂತ್ರ ಗುರುತಿನೊಂದಿಗೆ ತಾಳೆ ನೋಡದೆ ಯಾರನ್ನೂ ಕರೆಸಬಾರದು.

ನಾಲ್ಕನೆಯದಾಗಿ, ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯಲ್ಲೂ ಕೆಲವು ನೂರು ದೂರುಗಳನ್ನು ಚೀಟಿ ಎತ್ತಿದಂತೆ ಆರಿಸಿ, ದೂರುದಾರರು ಹೇಳಿದ್ದೇನು, ಗಣಕದಲ್ಲಿ ಬಂದದ್ದೇನು ಎಂದು ಹೊರಗಿನವರಿಂದ ಹೋಲಿಸಿ ನೋಡಿಸಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಒಂದೇ ವಿವರವನ್ನು ಪುಸ್ತಕದಲ್ಲೂ ಗಣಕದಲ್ಲೂ ಬರೆಯುವ ಹೊರೆ ಇನ್ನೂ ಇರುವ ಕಡೆ ಅದನ್ನು ಇಳಿಸಿದರೆ, ದೂರುದಾರರ ಮಾತನ್ನು ಸಮಾಧಾನದಿಂದ ಕೇಳಲು ಸಿಬ್ಬಂದಿಗೂ ಬಿಡುವು ಸಿಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಇವುಗಳಲ್ಲಿ ಕೆಲವನ್ನು ವಿಜ್ಞಾನ ಸಂಘದ ಚಟುವಟಿಕೆಯಾಗಿ ಮಾಡಿಸಬಹುದು. ಒಂದು ಗುಡ್ಡೆ ಕಾಯಿಯನ್ನು ಹತ್ತು ವಿದ್ಯಾರ್ಥಿಗಳಿಂದ ಕಣ್ಣಳತೆಯಲ್ಲಿ ಅಂದಾಜು ಮಾಡಿಸಿ, ಆಮೇಲೆ ಎಣಿಸಿ, ದೋಷ ಎಷ್ಟೆಂದು ಲೆಕ್ಕ ಹಾಕಿಸಿ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಕಾಣುತ್ತದೆ. ಬಲಗಡೆಯಿಂದ ಎರಡನೆಯ, ನಾಲ್ಕನೆಯ, ಹೀಗೆ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ, ಬಂದದ್ದು ಎರಡಂಕಿಯಾದರೆ ಆ ಎರಡನ್ನೂ ಕೂಡಿಸಿ. ಉಳಿದ ಅಂಕಿಗಳನ್ನೂ ಸೇರಿಸಿ ಮೊತ್ತ ತೆಗೆಯಿರಿ. ಅದು 10ರಿಂದ ಭಾಗವಾಗಬೇಕು. ದ-ಧ, ಸ-ಶ-ಷ, ಹ-ಅ ಇವುಗಳನ್ನು ಒಂದೊಂದು ಗುಂಪಾಗಿ ಮಾಡಿ, ತರಗತಿಯ ಹಾಜರಿ ಪುಸ್ತಕದ ಹೆಸರುಗಳಿಗೆ ಧ್ವನಿಸಂಕೇತ ಕೊಡಿಸಿ ನೋಡಿ. ಎಷ್ಟು ಹೆಸರುಗಳು ಒಂದಾಗುತ್ತವೆ, ಅದರಲ್ಲಿ ಎಷ್ಟು ತಪ್ಪಾಗಿ ಒಂದಾಗುತ್ತವೆ ಎಂದು ಎಣಿಸಲಿ.

ಕೊನೆಯದಾಗಿ, ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಪಂಪ್‌ಸೆಟ್ ಮೋಟಾರಿನ ಫಲಕದ ಮೇಲಿರುವ ಕ್ರಮಸಂಖ್ಯೆಯನ್ನು ಬರೆದು ಮನೆಯಲ್ಲಿ ಇಟ್ಟುಕೊಳ್ಳಲಿ. ಮೋಟಾರು ಕಳವಾದ ಮೇಲೆ 'ಐದು ಎಚ್‌ಪಿ, ಹಸಿರು ಬಣ್ಣ' ಎಂದು ಬರೆಸಿದರೆ ಅರಸೀಕೆರೆಯ ಗುಜರಿ ಅಂಗಡಿಯಲ್ಲಿ ಸಿಕ್ಕ ಮೋಟಾರು ನಿಮ್ಮದೆಂದು ಯಾವ ಜಾಲವೂ ಹೇಳಲಾರದು. ಸಂಖ್ಯೆ ಇದ್ದರೆ ಹೇಳಬಲ್ಲದು. ಠಾಣೆಯ ಗಣಕ ಕೊಡುವ ಉತ್ತರ ನಾವು ಅದಕ್ಕೆ ಕೊಟ್ಟ ಮೊದಲ ಅಳತೆಗಿಂತ ಎಂದೂ ಉತ್ತಮವಾಗಿರಲಾರದು. ಆ ಅಳತೆಯಲ್ಲಿ ನಮ್ಮ ಪಾಲೂ ಇದೆ.